ಪರದೆಯಮ್ಮ ನೋಡಿದ ದೊಡ್ಡ ಹೋಟೆಲು

ಪರದೆಯಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬೀದಿಯವರು ಹೇಳುತ್ತಿದ್ದರು. ಪಾಪ, ಅವರು ಕಡಿಮೆಯೇ ಹೇಳುತ್ತಿದ್ದರು. ಹಾಲಿನವನು ತಡವಾಗಿ ಬಂದರೆ ಸಿಟ್ಟು, ಬೇಗ ಬಂದು ಬಾಗಿಲು ಬಡಿದರೂ ಸಿಟ್ಟು, ಹೊಲಿಯುವಾಗ ದಾರ ತುಂಡಾದರೆ ಆ ದಾರದ ಕಾರ್ಖಾನೆಯವರ ಏಳು ತಲೆಮಾರಿನ ಮೇಲೂ ಸಿಟ್ಟು. ಅವಳ ಗಂಡ ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುವವನು. ಅವನಿಗೆ ಮಾತು ಕಡಿಮೆ. "ನನ್ನ ಹತ್ರ ಇರೋದು ಗಾಳಿ, ಅವಳ ಹತ್ರ ಇರೋದು ಬೆಂಕಿ. ನಾನು ಬಾಯಿ ಬಿಟ್ರೆ ಮನೆ ಉಳಿಯುತ್ತಾ?" ಎಂದು ಡಿಪೋದಲ್ಲಿ ಜೊತೆಯವರಿಗೆ ಹೇಳಿಕೊಂಡು ನಗುತ್ತಿದ್ದ. ಮನೆಯಲ್ಲಿ ಅಷ್ಟನ್ನೂ ಹೇಳುತ್ತಿರಲಿಲ್ಲ.

ಮೊದಲು ಅವಳು ಜನರ ಬಟ್ಟೆ ಹೊಲಿಯುತ್ತಿದ್ದಳು. ಅದು ಅವಳ ಸ್ವಭಾವಕ್ಕೆ ಒಗ್ಗಲಿಲ್ಲ. ಬಂದವರು ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದು, ಆಮೇಲೆ ಬಿಗಿಯಾಯಿತು ಎಂದು ಬಟ್ಟೆಯನ್ನು ತಂದು ಎಸೆಯುವುದು. "ಬಿಗಿ ಆಗಿರೋದು ನನ್ನ ಹೊಲಿಗೆ ಅಲ್ಲ, ನಿನ್ನ ಸೊಂಟ ದಪ್ಪ ಆಗಿರೋದು" ಎಂದು ಒಬ್ಬಳ ಮುಖಕ್ಕೇ ಹೇಳಿದ ದಿನ ಆ ಕಸುಬು ಮುಗಿಯಿತು. ಪೇಟೆಯ ಪರದೆ ಅಂಗಡಿಯ ಯಜಮಾನ ಕರೆದು ಕೆಲಸ ಕೊಟ್ಟ. ಅಂಗಡಿಯಿಂದ ಬಟ್ಟೆ, ಅಳತೆಯ ಚೀಟಿ ಎರಡೂ ಮನೆಗೆ ಬರುತ್ತಿದ್ದವು. ಅವಳು ಮುಂದಿನ ಕೋಣೆಯ ಮೆಷಿನ್ನಿನಲ್ಲಿ ಹೊಲಿದು ಮಡಿಸಿ ಇಡುತ್ತಿದ್ದಳು. ತೂಗು ಹಾಕುವ ಕೆಲಸ ಏಣಿ ಮಾಮನದು. ಅವನು ಮೂವತ್ತು ವರ್ಷದಿಂದ ಒಂದೇ ಏಣಿ ಹೊತ್ತು ಊರೆಲ್ಲ ತಿರುಗಿದ ಮುದುಕ. ಪರದೆಯಮ್ಮ ಕಿಟಕಿಗಳನ್ನು ನೋಡುವ ಪ್ರಶ್ನೆಯೇ ಇರಲಿಲ್ಲ, ಅವುಗಳ ಉದ್ದಗಲವಷ್ಟೇ ಅವಳಿಗೆ ಗೊತ್ತು. ಅದೇ ಸುಖ ಎಂದುಕೊಂಡಳು. ಕಿಟಕಿ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ, ಮದುವೆಯಾದ ಮೇಲೆ ಊದಿಕೊಳ್ಳುವುದೂ ಇಲ್ಲ.

ಹೊಲಿದು ಹೊಲಿದು ಅವಳಲ್ಲಿ ಒಂದು ನಂಬಿಕೆ ಬೇರುಬಿಟ್ಟಿತು. ಪರದೆ ನೋಡಿದರೆ ಸಾಕು, ಮನೆ ಎಂಥದ್ದು ಎಂದು ಹೇಳಬಹುದು. ಹೊರಗೆ ಮಿರಮಿರ ಮಿಂಚುವ ಬಟ್ಟೆ, ಒಳಗೆ ಹಳೇ ಹೊದಿಕೆ ಹರಿದು ಹಾಕಿದ ಅಸ್ತರು ಎಂದರೆ ಆ ಮನೆಯವರ ಮಾತೂ ಹಾಗೆಯೇ ಎಂದು ಲೆಕ್ಕ. ತಂಗಿಗೆ ಒಂದು ಸಂಬಂಧ ಬಂದಾಗ ಹುಡುಗನ ಮನೆಗೆ ಹೋದವಳು ಹುಡುಗನನ್ನು ನೋಡಲಿಲ್ಲ, ಪರದೆಯ ಅಂಚು ತಿರುವಿ ನೋಡಿದಳು. ಅಂಚನ್ನು ಹೊಲಿದಿರಲಿಲ್ಲ, ಗೋಂದು ಹಾಕಿ ಅಂಟಿಸಿದ್ದರು. "ಈ ಮನೆಗೆ ಹುಡುಗಿ ಕೊಡಬೇಡಿ" ಎಂದು ಎದ್ದು ಬಂದಳು. ವರ್ಷ ತುಂಬುವುದರೊಳಗೆ ಆ ಹುಡುಗನಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಇದ್ದದ್ದು ಬಯಲಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಕೈಗೆ ಒಮ್ಮೆ ನಿಜವಾಗಿಯೂ ಮೂರು ಕಾಲಿನ ಮೊಲ ಸಿಕ್ಕಿಬಿಟ್ಟರೆ ಆಮೇಲೆ ಅವರನ್ನು ಹಿಡಿಯುವವರು ಯಾರು? ಅಂದಿನಿಂದ ಬೀದಿಯಲ್ಲಿ ಯಾರೂ ಅವಳ ಮಾತಿಗೆ ಎದುರಾಡಲಿಲ್ಲ.

ದೊಡ್ಡ ಹೋಟೆಲಿನ ಕೆಲಸ ಬಂದದ್ದು ಆಮೇಲೆ. ಊರ ಹೊರಗಿನ ಹೆದ್ದಾರಿಗೆ ಮುಖ ಮಾಡಿ ಕಟ್ಟಿದ, ಮುಂಭಾಗವೆಲ್ಲ ಗಾಜಿನ ಹೋಟೆಲು. ಅಳತೆ ನೋಡಿ ಪರದೆಯಮ್ಮನ ಕಣ್ಣು ಅರಳಿತು. ಒಂದೊಂದು ರೂಮಿಗೂ ಈ ಗೋಡೆಯಿಂದ ಆ ಗೋಡೆಯವರೆಗೆ, ಸೂರಿನಿಂದ ನೆಲದವರೆಗೆ ಪರದೆ. ಬಟ್ಟೆ ಎಂಥದ್ದು ಅಂತೀರಿ, ಕೈಯಲ್ಲಿ ಹಿಡಿದರೆ ಜಾರಿ ಹೋಗುವಂಥದ್ದು. ಅದರ ಹಿಂದೆ ತೆಳ್ಳನೆ ಬಿಳಿಯ ಒಳಪರದೆ ಬೇರೆ. ಒಳಪರದೆಯನ್ನು ಮಾತ್ರ ನಡುವೆ ಬಿಡಿಸದೆ ಒಂದೇ ತುಂಡಾಗಿ ಹೊಲಿಯಬೇಕೆಂದು ಹೇಳಿದ್ದರು. ಅದು ಅವಳಿಗೆ ಅರ್ಥವಾಗಲಿಲ್ಲ.

"ನಡುವೆ ಬಿಡಿಸದೇ ಇದ್ರೆ ಸರಿಸೋದು ಹೇಗೆ ಯಜಮಾನ್ರೇ?"

"ದೊಡ್ಡೋರು ಕೈಯಲ್ಲಿ ಸರಿಸ್ತಾರಾ ಅಕ್ಕ? ಅದಕ್ಕೆಲ್ಲ ಯಂತ್ರ ಇರುತ್ತೆ" ಎಂದ ಯಜಮಾನ. ಅವನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದನೋ, ಅವನಿಗೇ ಬೆಳಕು.

ಪರದೆಯಮ್ಮ ಮನಸ್ಸಿನಲ್ಲಿ ಹೋಟೆಲು ಕಟ್ಟಿಬಿಟ್ಟಳು. ಗೋಡೆಯಷ್ಟು ಅಗಲದ ಕಿಟಕಿ. ಒಂದು ಗುಂಡಿ ಒತ್ತಿದರೆ ಪರದೆ ತಾನಾಗಿ ಮೇಲೇಳುತ್ತದೆ, ಬೆಳಕು ಧುಮುಕುತ್ತದೆ. "ಇಷ್ಟು ದೊಡ್ಡ ಕಿಟಕಿ ಇಡೋರು ಮೋಸಗಾರರು ಆಗಿರೋಕೆ ಸಾಧ್ಯವೇ ಇಲ್ಲ. ಮುಚ್ಚಿಡೋ ಬುದ್ಧಿ ಇದ್ದಿದ್ರೆ ಕಿಟಕಿ ಚಿಕ್ಕದು ಇಡ್ತಿದ್ರು" ಎಂದು ಎದುರುಮನೆಯ ಮೊಟ್ಟೆ ಅಂಗಡಿಯವಳಿಗೆ ಹೇಳಿದಳು. ಮೊಟ್ಟೆ ಅಂಗಡಿಯವಳು ಹೌದೌದು ಎಂದಳು. ಅವಳು ಯಾರಿಗೂ ಇಲ್ಲ ಎಂದವಳಲ್ಲ, ಸಾಲ ಕೇಳಿದವರನ್ನು ಬಿಟ್ಟು.

ಅದೇ ಹೊತ್ತಿಗೆ ಮಗಳ ಓದು ಮುಗಿದಿತ್ತು. ಒಬ್ಬಳೇ ಮಗಳು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು, ಸೀಟೂ ಸಿಕ್ಕಿತ್ತು. ಚಿಕ್ಕಂದಿನಿಂದಲೂ ಅವಳಿಗೆ ಅದೇ ಹುಚ್ಚು. ಬೀದಿಯಲ್ಲಿ ಯಾರಿಗೆ ಗಾಯವಾದರೂ ಇವಳು ಹಾಜರು. ಅಪ್ಪನ ಕೈ ಟೈರಿಗೆ ಸಿಕ್ಕಿ ಚರ್ಮ ಸುಲಿದು ಬಂದ ದಿನ ಅಮ್ಮ ಡಿಪೋದವರನ್ನು ಬಯ್ಯುತ್ತ ಕೂತಿದ್ದಾಗ ಗಾಯ ತೊಳೆದು ಪಟ್ಟಿ ಕಟ್ಟಿದ್ದು ಇವಳೇ.

ಪರದೆಯಮ್ಮ ಒಪ್ಪಲಿಲ್ಲ. "ಕಂಡೋರ ಹೇಲು ಉಚ್ಚೆ ಬಳಿಯೋಕೆ ನಿನ್ನನ್ನ ಹೆತ್ತಿದ್ದಾ? ಹೋಟೆಲಲ್ಲಿ ಮುಂದಿನ ಮೇಜಿಗೆ ಹುಡುಗೀರು ಬೇಕಂತೆ. ಯಜಮಾನ್ರು ಹೇಳಿಸಿದ್ದಾರೆ. ಒಳ್ಳೆ ಬಟ್ಟೆ ಹಾಕ್ಕೊಂಡು ನಿಂತು ಬಂದೋರಿಗೆ ನಮಸ್ಕಾರ ಅನ್ನೋದು, ಅಷ್ಟೇ ಕೆಲಸ."

"ನೀನು ಆ ಹೋಟೆಲು ನೋಡಿದ್ದೀಯಾ ಅಮ್ಮ?"

"ನೋಡೋದೇನು? ಪರದೆ ಹೊಲಿದಿಲ್ವಾ?"

ಮಗಳು ಒಂದು ವಾರ ಊಟ ಬಿಟ್ಟಳು, ಅತ್ತಳು, ಕೊನೆಗೆ ಹೋದಳು. ಅಪ್ಪ ಅವಳ ಪೆಟ್ಟಿಗೆ ಹೊತ್ತು ಬಿಟ್ಟು ಬಂದ. ಹೇಗಿದೆ ಎಂದು ಪರದೆಯಮ್ಮ ಕೇಳಿದ್ದಕ್ಕೆ "ದೊಡ್ಡದಾಗಿದೆ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಅವಳಿಗೆ ಅಷ್ಟೇ ಸಾಕಾಯಿತು. ಮಾರನೇ ದಿನದಿಂದ ಬೀದಿಯಲ್ಲಿ ಹೋಟೆಲಿನದೇ ಪುರಾಣ. ಮಗಳು ಗಾಜಿನ ಬಾಗಿಲಲ್ಲಿ ನಿಲ್ಲುತ್ತಾಳಂತೆ, ಅವಳ ಕೋಣೆಯ ಕಿಟಕಿಯಿಂದ ಊರೆಲ್ಲ ಕಾಣುತ್ತದಂತೆ. ಅಂತೆ ಕಂತೆಗಳೆಲ್ಲ ಸೇರಿ ಸಂತೆಯಾಯಿತು. ಮಗಳು ಎಂದೂ ಹೇಳದ ಮಾತುಗಳು ಅವು. ಪರದೆಯಮ್ಮ ಸುಳ್ಳು ಹೇಳಿದಳೆನ್ನಬೇಡಿ. ತಾನು ಹೊಲಿದ ಬಟ್ಟೆಯಿಂದ ಅಂದಾಜು ಮಾಡಿ ಹೇಳಿದಳು, ಹೇಳುತ್ತ ಹೇಳುತ್ತ ತಾನೇ ನಂಬಿದಳು.

ಮಗಳು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದಾಗ ಬಂದವಳೇ ಮಲಗಿಬಿಡುತ್ತಿದ್ದಳು, ಇಡೀ ದಿನ. ಸಣ್ಣಗಾಗಿದ್ದಳು. ಎರಡನೇ ವರ್ಷ ಒಂದು ಸಲ, ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು. "ಅಮ್ಮ, ನರ್ಸ್ ಕೆಲಸಕ್ಕೆ ಇನ್ನೊಂದು ಸಲ ಅರ್ಜಿ ಹಾಕ್ಲಾ? ಈ ವರ್ಷ ಬಿಟ್ರೆ ವಯಸ್ಸು ಮೀರುತ್ತೆ."

"ತಲೆ ಕೆಟ್ಟಿದ್ಯಾ? ಅರಮನೆ ಬಿಟ್ಟು ಆಸ್ಪತ್ರೆಗೆ ಹೋಗ್ತೀಯಾ?" ಎಂದು ಪರದೆಯಮ್ಮ ಮೆಷಿನ್ ತುಳಿಯುತ್ತಲೇ ಹೇಳಿದಳು. ಮಗಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಹೋಟೆಲಿನವರು ಮೂರನೇ ಮಹಡಿಗೆ ಹೊಸ ಪರದೆ ಬೇಕೆಂದಾಗ ಏಣಿ ಮಾಮ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದ. ಯಜಮಾನನಿಗೆ ಬೇರೆ ಜನ ಸಿಗಲಿಲ್ಲ. "ಅಕ್ಕ, ಒಂದು ದಿನ ನೀವೇ ಹೋಗಿ ಹಾಕಿಬಿಡಿ. ಮಾಮ ಕೆಳಗೆ ನಿಂತು ಹೇಳಿಕೊಡ್ತಾರೆ" ಎಂದ. ಪರದೆಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳಿಗೆ ತಿಳಿಸಲಿಲ್ಲ, ದಿಢೀರನೆ ಎದುರು ಹೋಗಿ ನಿಲ್ಲಬೇಕು. ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟಳು. ಏಣಿ ಹತ್ತುವ ಕೆಲಸಕ್ಕೆ ಅದು ತಕ್ಕದ್ದಲ್ಲ ಎಂದು ಗಂಡನಿಗೆ ಅನಿಸಿತು, ಹೇಳಲಿಲ್ಲ.

ಗಾಜಿನ ಬಾಗಿಲ ಹತ್ತಿರ ಹೋಗುವ ಮೊದಲೇ ಕಾವಲಿನವನು ತಡೆದ. "ಸಾಮಾನಿನವರು ಹಿಂದಿನಿಂದ ಬರಬೇಕು."

"ನನ್ನ ಮಗಳು ಇಲ್ಲೇ ಮುಂದಿನ ಮೇಜಲ್ಲಿ ಇರೋದು" ಎಂದಳು ಪರದೆಯಮ್ಮ.

ಅವನು ಒಳಗೆ ಬಗ್ಗಿ ನೋಡಿದ. ಮೇಜಿನ ಹಿಂದೆ ನಿಂತಿದ್ದ ಎತ್ತರದ ಹುಡುಗಿ ಬೇರೆ ಯಾರೋ. "ಇಲ್ಲಮ್ಮ. ಹಿಂದೆ ಹೋಗಿ."

ಏಣಿ ಮಾಮ ಎಡಗೈಯಲ್ಲಿ ದಾರಿ ತೋರಿಸಿದ. ಗಾಜು ಮುಗಿದಲ್ಲಿ ಗಿಲಾವು ಕಾಣದ ಇಟ್ಟಿಗೆ ಗೋಡೆ ಶುರುವಾಯಿತು. ಅದರ ಬುಡದಲ್ಲಿ ತೆರೆದ ಚರಂಡಿ, ಅಡುಗೆಮನೆಯ ಜಿಡ್ಡುನೀರು. ಹಿಂದಿನ ಕಟ್ಟಡ ಪಕ್ಕದ ಗೋದಾಮಿಗೆ ಅಂಟಿಕೊಂಡೇ ನಿಂತಿತ್ತು, ಎರಡರ ನಡುವೆ ಬೆಕ್ಕು ನುಸುಳಲೂ ಜಾಗವಿರಲಿಲ್ಲ. ಪರದೆಯಮ್ಮ ನಿಂತು ಮೇಲೆ ನೋಡಿದಳು. ಮೂರು ಮಹಡಿ ಇಟ್ಟಿಗೆ, ಎಲ್ಲೂ ಒಂದು ಕಿಟಕಿ ಇಲ್ಲ. ಕಿಟಕಿಗಳೆಲ್ಲ ಆಚೆ ಬದಿಗಿರಬೇಕು ಎಂದುಕೊಂಡು ಮೆಟ್ಟಿಲು ಹತ್ತಿದಳು.

ರೂಮಿನ ಒಳಗೆ ಮಾತ್ರ ಅವಳು ಅಂದುಕೊಂಡ ಹಾಗೆಯೇ ಇತ್ತು. ಅಗಲವಾದ ಹಾಸಿಗೆ, ಅದರ ಎದುರು ಅವಳ ಕೈಯ ಪರದೆ. ಒಳಪರದೆಯ ಹಿಂದೆ ಬೆಳ್ಳನೆ ಬೆಳಕು, ಥೇಟ್ ಬೆಳಗಿನ ಹೊತ್ತಿನ ಹಾಗೆ. ಅವಳ ಎದೆ ಉಬ್ಬಿತು. "ಯಂತ್ರದ ಗುಂಡಿ ಎಲ್ಲಿದೆ ಮಾಮ?" ಎಂದಳು.

ಏಣಿ ಮಾಮ ಅವಳ ಮುಖ ನೋಡಲಿಲ್ಲ. "ಮೇಲೆ ಹತ್ತಿ ಕೊಕ್ಕೆ ಬಿಚ್ಚಮ್ಮ. ಕೆಳಗೆ ಬರುತ್ತೆ."

ಅವಳು ಹತ್ತಿ ಬಿಚ್ಚಿದಳು. ಪರದೆ ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆ ಇದ್ದದ್ದು ಗೋಡೆ. ಬಣ್ಣ ಕಾಣದ ಬರೀ ಸಿಮೆಂಟ್ ಗೋಡೆ, ತೇವಕ್ಕೆ ಹಸಿರುಗಟ್ಟಿದ್ದು. ಮೇಲಿನಿಂದ ಕೆಳಗೆ ಎರಡು ಟ್ಯೂಬ್‌ಲೈಟ್ ಹೊಡೆದಿದ್ದರು. ಮೂಲೆಯಲ್ಲಿ ಸತ್ತು ಒಣಗಿದ ಒಂದು ಹಲ್ಲಿ.

ಪರದೆಯಮ್ಮ ಏಣಿಯ ಮೇಲೇ ಕೂತಳು. ಪಕ್ಕದ ರೂಮಿಗೆ ಹೋಗಿ ಬಿಚ್ಚಿದಳು, ಅಲ್ಲೂ ಗೋಡೆ. ಅದರ ಪಕ್ಕದ್ದು, ಅಲ್ಲೂ ಅದೇ. ಕೆಲಸಕ್ಕಾಗಿ ಬಿಚ್ಚುತ್ತಿದ್ದಾಳೋ ಸಿಟ್ಟಿಗೆ ಬಿಚ್ಚುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಮಹಡಿಯ ಹಿಂಬದಿಯ ಅಷ್ಟೂ ರೂಮಿನ ಪರದೆ ನೆಲಕ್ಕೆ ಬಂದವು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದು ಊರವರ ಮನೆಗಳನ್ನು ಆಡಿಕೊಂಡವಳು ಅವಳು. ಈ ಥಳುಕನ್ನು ಕೂತು ಹೊಲಿದವಳೂ ಅವಳೇ.

"ಮಾಮ, ನಿಮಗೆ ಗೊತ್ತಿತ್ತಾ?"

"ನಾನೇ ಅಲ್ವೇನಮ್ಮ ಹಾಕಿದ್ದು."

"ಮತ್ತೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನನ್ನ ಮಗಳನ್ನ ಇಲ್ಲಿಗೆ ಕಳಿಸ್ತೀನಿ ಅಂದಾಗ ನಿಮ್ಮ ಬಾಯಿಗೆ ಯಾರು ಹೊಲಿಗೆ ಹಾಕಿದ್ರು?"

ಮುದುಕ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡ. "ಹೇಳಬೇಕು ಅಂತಾನೇ ಒಂದಿನ ನಿಮ್ಮ ಮನೆ ತನಕ ಬಂದಿದ್ದೆ. ನೀನು ಮೊಟ್ಟೆ ಅಂಗಡಿಯವಳಿಗೆ ಈ ಕಿಟಕಿಗಳನ್ನೇ ವರ್ಣಿಸ್ತಾ ಇದ್ದೆ. ನಿನ್ನ ಬಾಯಿಗೆ ಯಾರಮ್ಮ ಬೀಳ್ತಾರೆ?"

ಉತ್ತರಕ್ಕೆ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ರೂಮುಗಳ ನಡುವಿನ ಓಣಿಯಲ್ಲಿ ಬಕೆಟ್ ಸದ್ದಾಯಿತು. ಯಾರೋ ಗಿರಾಕಿ ಕುಡಿದು ನೆಲಹಾಸಿನ ಮೇಲೆ ವಾಂತಿ ಮಾಡಿಕೊಂಡಿದ್ದ. ಮಂಡಿಯೂರಿ ಅದನ್ನು ಬಳಿಯುತ್ತಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ಮಗಳು.

"ಅಮ್ಮ, ಇಲ್ಯಾಕೆ ಬಂದೆ?" ಎಂದಳು. ಗಾಬರಿಯಲ್ಲಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಪರದೆಯಮ್ಮ ಆ ಕೈಗಳನ್ನು ಎಳೆದು ನೋಡಿದಳು. ಬ್ಲೀಚಿಂಗ್ ನೀರಿಗೆ ಬೆರಳ ಸಂದು ಸಂದೂ ಸೀಳಿತ್ತು.

"ಮುಂದಿನ ಮೇಜು?"

"ಒಂದು ವಾರ ನಿಂತಿದ್ದೆ. ಆಮೇಲೆ ನನಗಿಂತ ಎತ್ತರದವಳು ಬಂದ್ಲು."

"ನಿನ್ನ ಕೋಣೆ ತೋರ್ಸು."

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಪಕ್ಕ ಒಂದು ಕೋಣೆ. ಒಂದರ ಮೇಲೊಂದು ಕಬ್ಬಿಣದ ಮಂಚ, ಆರು ಹುಡುಗಿಯರು, ಸೂರಿನಲ್ಲಿ ಬಿಸಿನೀರಿನ ಕೊಳವೆ. ಸೆಕೆ ಎಂದರೆ ಮೈಯೆಲ್ಲ ಬೆಂದುಹೋಗುವ ಸೆಕೆ. ಇಲ್ಲಿ ಕಿಟಕಿಯೂ ಇರಲಿಲ್ಲ, ಕಿಟಕಿ ಇದೆಯೆಂದು ನಂಬಿಸಲು ಪರದೆಯೂ ಇರಲಿಲ್ಲ. ಮಗಳು ತನ್ನ ಮಂಚದ ತುದಿಯಲ್ಲಿ ಕೂತು ಹೇಳಿದಳು. ನರ್ಸ್ ತರಬೇತಿಗೆ ಅಮ್ಮನಿಗೆ ಹೇಳದೆ ಅರ್ಜಿ ಹಾಕಿದ್ದಾಳೆ. ಸೀಟು ಮತ್ತೆ ಸಿಕ್ಕಿದೆ. ಸೋಮವಾರದೊಳಗೆ ಓದಿದ ಸರ್ಟಿಫಿಕೇಟುಗಳನ್ನು ತೋರಿಸಿ ಸೇರಬೇಕು, ಇಲ್ಲವಾದರೆ ಸೀಟು ಇನ್ನೊಬ್ಬರಿಗೆ. ಕೆಲಸಕ್ಕೆ ಸೇರುವಾಗ ಕೇಳಿ ಇಟ್ಟುಕೊಂಡ ಆ ಸರ್ಟಿಫಿಕೇಟು ಇರುವುದು ಮ್ಯಾನೇಜರನ ಬೀರುವಿನಲ್ಲಿ. ಮೂರು ವರ್ಷ ಮುಗಿಯುವವರೆಗೆ ಕೊಡುವುದಿಲ್ಲವಂತೆ. ಎರಡು ಸಲ ಕೇಳಿದ್ದಾಳೆ. ಎರಡನೇ ಸಲ ಕೇಳಿದ್ದಕ್ಕೆ ರಜೆ ಕಿತ್ತುಕೊಂಡಿದ್ದಾನೆ.

"ನನಗೆ ಯಾಕೆ ಹೇಳಲಿಲ್ಲ?" ಪರದೆಯಮ್ಮನ ದನಿ ಕೊಳವೆಗಳಿಗೆ ಬಡಿದು ಹಿಂದಕ್ಕೆ ಬಂತು.

ಆಗ ಮಗಳಿಗೂ ಸಿಟ್ಟು ಬಂತು. ಅದು ಅಮ್ಮನ ಸಿಟ್ಟಿನಂತೆ ಭುಗಿಲೇಳುವಂಥದ್ದಲ್ಲ, ತಣ್ಣಗೆ ಕುಯ್ಯುವಂಥದ್ದು. "ಹೇಳಿದ್ದೆ. ಬಂದ ಮೊದಲನೇ ತಿಂಗಳೇ ಫೋನ್ ಮಾಡಿ ಅತ್ತಿದ್ದೆ. 'ಹೊಂದಿಕೊಂಡು ಹೋಗು, ಬೀದಿಯವರ ಮುಂದೆ ನನ್ನ ಮಾನ ಕಳೀಬೇಡ' ಅಂದೆ. ಫೋನ್ ಇಟ್ಟ ಮೇಲೆ ನಾನು ಇಲ್ಲಿ ಖುಷಿಯಾಗಿದೀನಿ ಅಂತ ಬೀದಿಗೆಲ್ಲ ಹೇಳಿದೆಯಂತೆ, ಅಪ್ಪ ಹೇಳಿದ್ರು. ನಾನು ಹೇಗೆ ವಾಪಸ್ ಬರಲಿ ಅಮ್ಮ? ನೀನು ಬಾಗಿಲೇ ಹಾಕಿಬಿಟ್ಟಿದ್ದೆ."

ಪರದೆಯಮ್ಮನಿಗೆ ಆ ಫೋನ್ ನೆನಪಿತ್ತು. ಹೊಲಿಗೆಯ ಆತುರ ಇತ್ತು ಆವತ್ತು, ಇದೇ ಹೋಟೆಲಿನ ಉಳಿದ ಮಹಡಿಯ ಪರದೆಗಳದ್ದೇ ಆತುರ. ತನ್ನ ಮೇಲಿನ ಸಿಟ್ಟನ್ನು ಏನು ಮಾಡಬೇಕೆಂದು ಅವಳಿಗೆ ಯಾವತ್ತೂ ತಿಳಿದಿರಲಿಲ್ಲ. ಬೇರೆಯವರ ಮೇಲಿನದ್ದು ಮಾತ್ರ ಚೆನ್ನಾಗಿ ತಿಳಿದಿತ್ತು. ಎದ್ದು ಮಹಡಿ ಹತ್ತಿದಳು. ಬಿಚ್ಚಿ ಹಾಕಿದ ಪರದೆಗಳನ್ನೂ ಹೊಸ ಪರದೆಗಳನ್ನೂ ಓಣಿಯ ನಡುವೆ ರಾಶಿ ಹಾಕಿ, ಅದರ ಮೇಲೆ ಗಟ್ಟಿಯಾಗಿ ಕೂತು, "ಮ್ಯಾನೇಜರನ್ನ ಕರೀರಿ" ಎಂದಳು.

ಮ್ಯಾನೇಜರ್ ಬಂದ. ಅಚ್ಚುಕಟ್ಟಾದ ಬಟ್ಟೆ, ಸುಸ್ತಾದ ಕಣ್ಣು. ಸಂಜೆಗೆ ಎರಡು ಬಸ್ಸು ತುಂಬ ಗಿರಾಕಿಗಳು ಬರುವವರಿದ್ದರು, ಈ ಮಹಡಿಯೆಲ್ಲ ಅವರಿಗೇ. ಬಾಗಿಲು ತೆರೆದ ರೂಮುಗಳಲ್ಲಿ ಹಸಿರುಗಟ್ಟಿದ ಗೋಡೆಗಳು ಬೆತ್ತಲೆ ನಿಂತದ್ದನ್ನು ನೋಡಿ ಅವನ ಮುಖ ಬಿಳಿಚಿತು.

"ಇದೇನಮ್ಮ ಇದು? ಬೇಗ ಹಾಕಿ."

"ಮೊದಲು ನನ್ನ ಮಗಳ ಸರ್ಟಿಫಿಕೇಟ್ ತಂದುಕೊಡಿ. ಆಮೇಲೆ ಹಾಕ್ತೀನಿ."

"ಅದಕ್ಕೂ ಇದಕ್ಕೂ ಏನು ಸಂಬಂಧ? ಅವಳು ಮೂರು ವರ್ಷಕ್ಕೆ ಸಹಿ ಹಾಕಿದ್ದಾಳೆ."

"ಅವಳು ಸಹಿ ಹಾಕಿದ್ದು ಮುಂದಿನ ಮೇಜಿಗೆ. ವಾಂತಿ ಬಳಿಯೋಕೆ ಅಲ್ಲ. ಅವಳು ಹಾಕಿದ ಸಹಿ ಲೆಕ್ಕಕ್ಕೆ ಬರುತ್ತೆ, ನೀವು ಆಡಿದ ಮಾತು ಬರಲ್ವಾ?"

"ಪೊಲೀಸ್ ಕರೀತೀನಿ."

"ಕರೀರಿ. ಗಿರಾಕಿಗಳು ಬರೋ ಹೊತ್ತಿಗೇ ಬರೋಕೆ ಹೇಳಿ. ಎಲ್ರಿಗೂ ಒಟ್ಟಿಗೇ ಕಿಟಕಿ ತೋರಿಸ್ತೀನಿ."

ಅವನು ಪರದೆ ಅಂಗಡಿಗೆ ಫೋನ್ ಮಾಡಿ, ಫೋನನ್ನು ಅವಳ ಕೈಗೆ ಕೊಟ್ಟ. ಆ ಕಡೆಯಿಂದ ಯಜಮಾನ ಗೋಗರೆದ. "ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಎಷ್ಟು ವರ್ಷದ ಗಿರಾಕಿ ಅವರು."

"ಯಂತ್ರ ಇರುತ್ತೆ ಅಂದಿದ್ರಲ್ಲ ಯಜಮಾನ್ರೇ. ಇಲ್ಲಿ ಟ್ಯೂಬ್‌ಲೈಟ್ ಇದೆ. ಎರಡೆರಡು."

ಅವಳು ಫೋನ್ ಹಿಂದಕ್ಕೆ ಕೊಟ್ಟಳು. ಬಡವರ ಸಿಟ್ಟು ದವಡೆಗೆ ಮೂಲ ಎಂಬ ಮಾತನ್ನು ಗಂಡ ನೂರು ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದಿರಬಹುದು. ಆವತ್ತು ಮಾತ್ರ ಆ ಸಿಟ್ಟು ಪರದೆಯ ರಾಶಿಯ ಮೇಲೆ ಕೂತಿತ್ತು, ಕೆಳಗೆ ಗಡಿಯಾರ ಓಡುತ್ತಿತ್ತು, ಬಸ್ಸುಗಳು ದಾರಿಯಲ್ಲಿದ್ದವು. ಮ್ಯಾನೇಜರ್ ಹಲ್ಲು ಕಡಿಯುತ್ತ ಕೆಳಗಿಳಿದು ಹೋಗಿ ಒಂದು ಲಕೋಟೆ ತಂದ. ಮಗಳು ಅದನ್ನು ಬಿಚ್ಚಿ ಒಂದೊಂದನ್ನೇ ನೋಡಿ, ಎಲ್ಲ ಇದೆ ಎಂದು ತಲೆಯಾಡಿಸಿದಳು. ಪೆಟ್ಟಿಗೆ ಕಟ್ಟಲು ಕೆಳಗೆ ಓಡಿದಳು.

ಪರದೆಯಮ್ಮ ಕೊಟ್ಟ ಮಾತಿಗೆ ಏಣಿ ಹತ್ತಿದಳು. ಹಾಕದೆ ಹೋದರೆ ಯಜಮಾನ ಮುಳುಗುತ್ತಾನೆ, ಏಣಿ ಮಾಮನ ಮುರಿದ ಕೈಗೂ ಅನ್ನವಿರುವುದಿಲ್ಲ. ಒಂದೊಂದೇ ಕೊಕ್ಕೆ ಸಿಕ್ಕಿಸಿದಳು, ಮಾಮ ಕೆಳಗಿನಿಂದ ನೆರಿಗೆ ತಿದ್ದಿದ. ಹೊಲಿಗೆ ಚೆನ್ನಾಗಿತ್ತು, ಹಾಳಾದ್ದು. ಒಂದು ಸುಕ್ಕಿಲ್ಲದೆ ಇಳಿದು ನೆಲ ಮುಟ್ಟಿತು. ಗುಂಡಿ ಒತ್ತಿದರೆ ಗೋಡೆ ಹೋಗಿ ಬೆಳಗಾಯಿತು. ನೋಡಿದವರು ಯಾರಾದರೂ ಅಲ್ಲೊಂದು ಕಿಟಕಿ ಇದೆ ಎಂದು ಆಣೆ ಮಾಡುತ್ತಿದ್ದರು. ತನ್ನ ಕೈಯನ್ನೇ ಕತ್ತರಿಸಿ ಹಾಕುವಷ್ಟು ಸಿಟ್ಟು ಅವಳಿಗೆ ಬಂತು.

ಕೊನೆಯ ರೂಮಿನಲ್ಲಿದ್ದಾಗ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಕೈತುಂಬ ಹಾಸಿಗೆಬಟ್ಟೆ. ಮಗಳ ಮಂಚದ ಮೇಲಿನ ಮಂಚದವಳು. ಮೆಲ್ಲಗೆ ಹೇಳಿದಳು. "ಅಮ್ಮ, ನಂದೂ ಆ ಬೀರುನಲ್ಲೇ ಇದೆ."

ಪರದೆಯಮ್ಮ ಸಿಕ್ಕಿಸುತ್ತಿದ್ದ ಕೊಕ್ಕೆಯನ್ನು ಬಿಚ್ಚಿದಳು. ಮಂಚ ಆರು ಇದ್ದವು. ಅವಳು ನೋಡಿದ್ದಳು, ಎಣಿಸಿದ್ದಳು ಕೂಡ. ಕೇಳುವಾಗ ಬಾಯಿಗೆ ಬಂದದ್ದು ಒಬ್ಬಳದೇ. ಇಳಿದು ಕೊನೆಯ ಪರದೆಯನ್ನು ಕಂಕುಳಲ್ಲಿ ಇರುಕಿಕೊಂಡು ಮ್ಯಾನೇಜರನ ಮುಂದೆ ಹೋಗಿ ನಿಂತಳು. "ಉಳಿದ ಹುಡುಗೀರದ್ದೂ ಕೊಡಿ. ಇಲ್ಲದಿದ್ರೆ ಇದನ್ನ ಹಾಕಲ್ಲ."

ಅವನು ಅವಳನ್ನು ನೋಡಿದ, ಕಂಕುಳಲ್ಲಿದ್ದ ಪರದೆಯನ್ನು ನೋಡಿದ. ಈಗ ಅವನಿಗೆ ನಗು ಬಂತು. "ಬೇಡ ಬಿಡಿ. ಒಂದು ರೂಮಿಗೆ ಬೀಗ ಹಾಕ್ತೀನಿ."

ಅವಳು ಕೂಗಾಡಿದಳು, ಬಾಯಿಗೆ ಬಂದದ್ದೆಲ್ಲ ಬೈದಳು. ಕಾವಲಿನವನು ಬಂದು ಹಿಂದಿನ ಬಾಗಿಲಿನವರೆಗೆ ಬಿಟ್ಟುಹೋದ. ಆ ಹುಡುಗಿ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಅವಳ ಮುಖ ನೋಡುವ ಧೈರ್ಯ ಪರದೆಯಮ್ಮನಿಗೆ ಆಗಲಿಲ್ಲ.

ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತು ಬಂದರು. ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು, ಎಲ್ಲರೂ ಹೊರಗಿದ್ದರು. ಮೊಟ್ಟೆ ಅಂಗಡಿಯವಳು ಪೆಟ್ಟಿಗೆ ನೋಡಿ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟಳು. "ಏನಕ್ಕ, ರಜೆನಾ?"

ಪರದೆಯಮ್ಮ ಬೀದಿಯ ನಡುವೆ ನಿಂತಳು. "ಇಲ್ಲ. ಬಿಟ್ಟು ಬಂದ್ಲು. ನಾನು ಹೇಳಿದ್ದೆಲ್ಲ ಸುಳ್ಳು. ಅದು ಅರಮನೆ ಅಲ್ಲ, ಗೋದಾಮು. ನನ್ನ ಮಗಳು ಅಲ್ಲಿ ಎಂಜಲು ಬಳೀತಿದ್ಲು, ನೆಲದ ಕೆಳಗೆ ಮಲಗ್ತಿದ್ಲು. ಈ ಬೀದಿಯಿಂದ ಇನ್ನೊಂದು ಹುಡುಗಿ ಅಲ್ಲಿಗೆ ಹೋದ್ರೆ ಕಾಲು ಮುರೀತೀನಿ." ದನಿ ಎಷ್ಟು ದೊಡ್ಡದಿತ್ತೆಂದರೆ ಮಹಡಿಯ ಮೇಲಿನವರೂ ಬಗ್ಗಿ ನೋಡಿದರು. ಮೊಟ್ಟೆ ಅಂಗಡಿಯವಳು ಹೌದೌದು ಎನ್ನಲೂ ಮರೆತಳು.

ಮನೆಯೊಳಗೆ ಗಂಡ ಟೀ ಮಾಡುತ್ತಿದ್ದ. ಪೆಟ್ಟಿಗೆ ನೋಡಿ ಒಂದು ಲೋಟ ಹೆಚ್ಚಿಗೆ ಇಟ್ಟ. ಹೆಂಡತಿ ಅವನ ಎದುರು ನಿಂತಳು. "ನೀವು ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ರಲ್ಲ ರೀ. ಯಾವ ಬಾಗಿಲಿಂದ ಒಳಗೆ ಬಿಟ್ರು?"

ಅವನು ಟೀ ಸೋಸುವುದನ್ನು ಮುಗಿಸಿದ. "ಹಿಂದಿನ ಬಾಗಿಲಿಂದ" ಎಂದ.

ಎಲ್ಲರಿಗೂ ಗೊತ್ತಿತ್ತು. ಏಣಿ ಮಾಮನಿಗೆ, ಗಂಡನಿಗೆ, ಯಜಮಾನನಿಗೂ ಇದ್ದಿರಬಹುದು. ಗೊತ್ತಿಲ್ಲದಿದ್ದವಳು ಊರಿಗೆಲ್ಲ ಹೇಳುತ್ತ ತಿರುಗಿದವಳು ಮಾತ್ರ. ಲೋಟ ಎತ್ತಿ ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಎಸೆದರೆ ಇವರು ಇನ್ನೂ ಹತ್ತು ವರ್ಷ ಏನನ್ನೂ ಹೇಳುವುದಿಲ್ಲ ಎನ್ನುವುದು ಅವಳಿಗೆ ಅಷ್ಟರಲ್ಲಿ ಹೊಳೆದಿತ್ತು. ಟೀ ಕುಡಿದಳು, ಆರಿಹೋಗಿತ್ತು.

ಸೋಮವಾರ ಮಗಳು ಹೊರಡುವಾಗ ಪರದೆಯಮ್ಮ ಚಪ್ಪಲಿ ಮೆಟ್ಟಿ ಸಿದ್ಧಳಾಗಿ ನಿಂತಿದ್ದಳು. "ನಾನೂ ಬರ್ತೀನಿ. ಹಾಸ್ಟೆಲು ಹೇಗಿದೆ, ಮಂಚ ಹೇಗಿದೆ, ಎಲ್ಲ ತಿರುವಿ ನೋಡ್ತೀನಿ. ಸರಿ ಇಲ್ಲದಿದ್ರೆ ಅಲ್ಲೇ ಕೇಳ್ತೀನಿ."

"ಬೇಡ ಅಮ್ಮ. ನಾನು ಹೋಗಿ ನೋಡ್ಕೊಂಡು ಬಂದಿದೀನಿ."

"ಹೇಗಿದೆ?"

"ಚೆನ್ನಾಗಿಲ್ಲ. ಗೋಡೆ ಸುಣ್ಣ ಉದುರುತ್ತೆ. ಕಕ್ಕಸಿಗೆ ಸಾಲು ನಿಲ್ಲಬೇಕು. ಅಲ್ಲಿನ ದೊಡ್ಡ ನರ್ಸು ನಿನಗಿಂತ ಜಾಸ್ತಿ ಬಯ್ತಾಳೆ." ಮಗಳು ಪೆಟ್ಟಿಗೆ ಎತ್ತಿಕೊಂಡಳು. "ಆದ್ರೂ ನಾನು ಹೋಗ್ತೀನಿ."

ಬಾಯಿತುಂಬ ಮಾತಿತ್ತು ಪರದೆಯಮ್ಮನಿಗೆ. ಸುಣ್ಣ ಯಾಕೆ ಉದುರುತ್ತೆ, ಯಾರು ಅವಳು ನನಗಿಂತ ಜಾಸ್ತಿ ಬಯ್ಯುವವಳು, ಯಾರ ಮಗಳು ಅಂದುಕೊಂಡಿದ್ದಾಳೆ. ಅಷ್ಟನ್ನೂ ನುಂಗಿದಳು. ಮಗಳು ಬೀದಿ ದಾಟಿ, ಹಿಂದೆ ತಿರುಗಿ ನೋಡದೆ, ಬಸ್ಸು ನಿಲ್ಲುವ ಕಡೆ ಹೋದಳು.

ಎದುರಿನಿಂದ ಮೊಟ್ಟೆ ಅಂಗಡಿಯವಳು ಕೂಗಿದಳು. "ಏನಕ್ಕ, ನರ್ಸ್ ಕೆಲಸಕ್ಕಂತೆ? ಆ ಹಾಸ್ಟೆಲು ಗೀಸ್ಟೆಲು ಎಲ್ಲ ಹೇಗಿದೆಯಂತೆ?"

ಪರದೆಯಮ್ಮ ಚಪ್ಪಲಿ ಬಿಚ್ಚಿ ಒಳಗಿಟ್ಟಳು. "ನನಗೇನು ಗೊತ್ತು? ನಾನು ನೋಡಿಲ್ಲ" ಎಂದಳು. "ಅವಳು ನೋಡಿದಾಳೆ. ಅವಳು ಬಂದಾಗ ಅವಳನ್ನೇ ಕೇಳಿ."